ಕೇದರ್ ಮೀನು ತಿನ್ನಬಹುದಾ? ಮೊದಲು ನೆತ್ತರು ಇಳಿಸಿ

ಮಂಜೇಶ್ವರ, ಕುಂಬಳೆ ಕಡೆ ಸಣ್ಣ ದೋಣಿಯಲ್ಲಿ ಗಾಳ ಹಾಕಲು ಹೋಗುವವರಿಗೆ ಕೇದರ್ ಸಿಕ್ಕಿದರೆ ಹಬ್ಬ. ಕಚ್ಚಿದ ಕೂಡಲೇ ನೂಲು ಎಳೆದುಕೊಂಡು ಓಡುವ ಮೀನು ಅದು. ಆದರೆ ಮನೆಗೆ ತಂದರೆ ಬೇರೆಯೇ ಮಾತು. "ಇದನ್ನು ಯಾಕೆ ತಂದದ್ದು ಮಗಾ? ಬರೀ ನೆತ್ತರು ವಾಸನೆ" ಅಂತ ಅಮ್ಮ ಹೇಳುತ್ತಿದ್ದರು. ಅಂಜಲ್ ಮೀನಿಗೆ ಸಿಗುವ ಮರ್ಯಾದೆ ಇದಕ್ಕಿಲ್ಲ.

ನನ್ನ ಪ್ರಕಾರ ಇದು ತಿನ್ನಲೇಬೇಕಾದ ಮೀನು. ತಪ್ಪು ಮೀನಿನದ್ದಲ್ಲ, ನಾವು ಅದನ್ನು ನೋಡಿಕೊಳ್ಳುವ ರೀತಿಯದ್ದು.

ಕೇದರ್ ಅಂದರೆ ಟ್ಯೂನಾ ಜಾತಿ, ಮಲಯಾಳದಲ್ಲಿ ಚೂರ. ನಮ್ಮಲ್ಲಿ ಸಿಗುವ ಒಂದು ಬಗೆಗೆ ಬೆನ್ನಿನ ಹಿಂಭಾಗದಲ್ಲಿ ಅಂಕುಡೊಂಕು ಕಪ್ಪು ಗೆರೆ, ಎದೆಯ ರೆಕ್ಕೆಯ ಕೆಳಗೆ ಬೆರಳಿನಿಂದ ಒತ್ತಿದ ಹಾಗೆ ಕೆಲವು ಕಪ್ಪು ಚುಕ್ಕೆ ಇರುತ್ತವೆ. ಇದು ಈಜು ನಿಲ್ಲಿಸುವುದೇ ಇಲ್ಲ. ಹಾಗಾಗಿ ಮಾಂಸದಲ್ಲಿ ನೆತ್ತರು ಜಾಸ್ತಿ, ಮೈಯೂ ನೀರಿಗಿಂತ ಬಿಸಿ. ಹಿಡಿದ ಮೇಲೆ ಬೇಗ ಕೆಡುವುದೂ ಇದಕ್ಕೇ.

ಹಿಡಿದ ತಕ್ಷಣ

ಮೀನು ಜೀವ ಇರುವಾಗಲೇ ತಲೆಗೊಂದು ಗಟ್ಟಿ ಏಟು ಕೊಡಿ, ಕೂಡಲೇ ಕಿವಿರಿನ ಬುಡ ಕೊಯ್ಯಿರಿ. ಬಕೆಟಿನ ಕಡಲ ನೀರಿನಲ್ಲಿ ತಲೆಕೆಳಗಾಗಿ ಹಿಡಿಯಿರಿ. ನೀರು ಕೆಂಪಾಗುತ್ತದೆ. ಐದು ನಿಮಿಷ ಬಿಟ್ಟು, ಕರುಳು ತೆಗೆದು, ಹೊಟ್ಟೆಯೊಳಗೂ ಐಸ್ ತುಂಬಿ.

ಐಸ್ ಇಲ್ಲದಿದ್ದರೆ ಈ ಮೀನು ತರಲೇಬೇಡಿ. ನಾನೊಮ್ಮೆ ಗೋಣಿಚೀಲದಲ್ಲಿ ಸುತ್ತಿ ಬಿಸಿಲಿನಲ್ಲೇ ತಂದಿದ್ದೆ. ಸಾರು ಕುದಿಸಿ ಒಂದು ತುತ್ತು ಬಾಯಿಗಿಟ್ಟರೆ ನಾಲಿಗೆ ಚುರುಚುರು. ಇಡೀ ಸಾರು ಚೆಲ್ಲಿದೆವು. ಬಿಸಿಯಲ್ಲಿ ಬಿದ್ದ ಕೇದರಿನಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಎಷ್ಟು ಕುದಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ ತಲೆನೋವು, ತುರಿಕೆ ಬರಬಹುದು. ಎಷ್ಟೋ ಜನ "ನನಗೆ ಮೀನು ಆಗಿಬರುವುದಿಲ್ಲ" ಅಂದುಕೊಳ್ಳುತ್ತಾರೆ. ಇಂಥ ಲಕ್ಷಣ ಕಂಡರೆ ಸುಮ್ನೆ ಮನೆಯಲ್ಲಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಬಂಗುಡೆ, ಬೂತಾಯಿಗೂ ಇದೇ ಮಾತು.

ಮಾರ್ಕೆಟಿನಲ್ಲಿ ಕೊಳ್ಳುವವರು ಕಣ್ಣು ಹೊಳೆಯುತ್ತಿದೆಯಾ, ಒತ್ತಿದರೆ ಮಾಂಸ ಗಟ್ಟಿ ಇದೆಯಾ ನೋಡಿ. ಐಸಿನ ಮೇಲೆ ಇಟ್ಟದ್ದನ್ನೇ ಕೇಳಿ.

ಕೊಯ್ಯುವುದು

ಚರ್ಮ ಸುಲಿದು, ನಡುಮುಳ್ಳಿನ ಎರಡೂ ಬದಿಯ ಮಾಂಸ ಬಿಡಿಸಿ. ಪ್ರತಿ ತುಂಡಿನ ನಡುವೆ ಉದ್ದಕ್ಕೂ ಕಪ್ಪು ಕೆಂಪಿನ ಪಟ್ಟಿ ಕಾಣುತ್ತದೆ, ಕುರಿಯ ಲಿವರಿನ ಬಣ್ಣ. ಎಲ್ಲರೂ ದೂರುವ ವಾಸನೆ ಜಾಸ್ತಿ ಇರುವುದು ಇದರಲ್ಲೇ. ಚೂರಿಯನ್ನು ಓರೆ ಹಿಡಿದು ಎರಡೂ ಕಡೆಯಿಂದ ಕೊಯ್ದರೆ ಪಟ್ಟಿ ಇಡಿಯಾಗಿ ಬರುತ್ತದೆ. ತಿಂದರೆ ತೊಂದರೆಯೇನಿಲ್ಲ, ಕೆಲವರಿಗೆ ಇಷ್ಟ ಕೂಡ. ಮೊದಲ ಸಲ ತಿನ್ನುವವರು ತೆಗೆದುಬಿಡಿ. ಹೊಟ್ಟೆಯ ಭಾಗ ಮಾತ್ರ ಬಿಸಾಡಬೇಡಿ. ಎಣ್ಣೆ ಇರುವುದು ಅಲ್ಲಿ, ರುಚಿಯೂ ಅಲ್ಲೇ.

ಸಾರು

ಇದಕ್ಕೆ ಹುಳಿ ಜಾಸ್ತಿ ಬೇಕು, ತೆಂಗಿನಕಾಯಿ ಬೇಡ. ಒಂದು ಕಿಲೋ ಮೀನಿಗೆ ನಾಲ್ಕು ಎಸಳು ಕೊಡಂಪುಳಿ (ಘಟ್ಟದ ಮೇಲಿನವರ ಉಪ್ಪಾಗೆ) ಬಿಸಿ ನೀರಿನಲ್ಲಿ ನೆನೆಹಾಕಿ. ಹದಿನೈದು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಒಂದು ಚಮಚ ಕಾಳುಮೆಣಸು, ಕಾಲು ಚಮಚ ಮೆಂತೆ ಹುರಿದು ಅರಿಶಿನದ ಜೊತೆ ನುಣ್ಣಗೆ ಅರೆಯಿರಿ. ಮಣ್ಣಿನ ಬಿಸಲೆಯಲ್ಲಿ ತೆಂಗಿನೆಣ್ಣೆ, ಬೆಳ್ಳುಳ್ಳಿ, ಕರಿಬೇವು. ಆಮೇಲೆ ಮಸಾಲೆ, ಹುಳಿ, ಉಪ್ಪು, ನೀರು. ಚೆನ್ನಾಗಿ ಕುದ್ದ ಮೇಲೆಯೇ ಮೀನು ಹಾಕಿ. ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ ಸಾಕು, ಜಾಸ್ತಿ ಬೇಯಿಸಿದರೆ ಮರದ ಪುಡಿಯ ಹಾಗಾಗುತ್ತದೆ. ಸೌಟು ಹಾಕಬೇಡಿ, ಬಿಸಲೆಯನ್ನೇ ಹಿಡಿದು ತಿರುಗಿಸಿ.

ಹುರಿಯುವುದಾದರೆ ತುಂಡು ಒಂದು ಇಂಚು ದಪ್ಪ ಇರಲಿ. ತೆಳ್ಳಗೆ ಕೊಯ್ದರೆ ಒಣಗುತ್ತದೆ.

ಸಾರು ಆರಿದ ಕೂಡಲೇ ಫ್ರಿಜ್ಜಿನಲ್ಲಿಡಿ. ಮರುದಿನ ಹುಳಿ ಒಳಗೆ ಇಳಿದಿರುತ್ತದೆ. ಬಿಸಿ ಮಾಡಿ ಕುಚ್ಚಲಕ್ಕಿ ಗಂಜಿಯ ಜೊತೆ ತಿನ್ನಿ. ಈಗ ನಮ್ಮ ಅಮ್ಮ ಬಿಸಲೆಯ ತಳದ ಮಸಾಲೆಗೂ ಗಂಜಿ ಹಾಕಿ ಒರೆಸಿ ತಿನ್ನುತ್ತಾರೆ.