ಹುಡ್ ನೋಡಿದೆ, ಕೆಳಗೆ ಬಗ್ಗಲಿಲ್ಲ

ಮೂಡಿಗೆರೆ ಕಡೆಯ ಒಂದು ತೋಟಕ್ಕೆ ಜೀಪಿನ ಹುಡ್, ಅಂದರೆ ಮೇಲಿನ ಬಟ್ಟೆ ಹೊದಿಕೆಯ ಅಳತೆ ತೆಗೆಯಲು ಹೋಗಿದ್ದೆ. ಹಾಸನದಲ್ಲಿ ನನ್ನದೊಂದು ಕುಶನ್ ಅಂಗಡಿ ಇದೆ. ಬೈಕ್ ಸೀಟು, ಟ್ರ್ಯಾಕ್ಟರ್ ಟಾಪು, ಜೀಪಿನ ಹುಡ್, ಏನು ಬಂದರೂ ಹೊಲಿಯುತ್ತೇನೆ. ಅಳತೆ ಮುಗಿಸಿ ಕಾಫಿ ಕುಡಿಯುತ್ತಿದ್ದಾಗ ಅಂಗಳದ ಮೂಲೆಯ ತಗಡಿನ ಗೂಡಿನಿಂದ ಕೋಳಿಗಳು ಹೊರಗೆ ಬಂದವು. ಗೂಡಿನ ಹಿಂಭಾಗಕ್ಕೆ ಗಾಜು ಇತ್ತು. ಕೋಳಿಗೂಡಿಗೆ ಯಾರಾದರೂ ಬಾಗಿದ ಗಾಜು ಹಾಕಿಸುತ್ತಾರಾ? ಹತ್ತಿರ ಹೋಗಿ ನೋಡಿದರೆ ಅದು ಕಾರಿನ ಟಾಪು.

‘ಕಾರೆಲ್ಲಿ?’ ಅಂದೆ. ಗೋದಾಮಿನಲ್ಲಿ ಮೆಣಸಿನ ಮೂಟೆಗಳ ಹಿಂದೆ ಇತ್ತು. 1960ರ ದಶಕದ ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು. ತಲೆ ಮೇಲೆ ಏನೂ ಇಲ್ಲ, ಸೀಟಿನ ಒಳಗೆ ಇಲಿ ಸಂಸಾರ. ಯಜಮಾನರು, ‘ಯಾರಾದ್ರೂ ಕೇಳಿದ್ರೆ ಕೊಡೋಣ ಅಂತಿದ್ದೆ. ಇಷ್ಟು ವರ್ಷದಲ್ಲಿ ಕೇಳಿದ್ದು ನೀನೇ ಮೊದಲು’ ಅಂದರು.

ಈ ಕಾರಿನ ಟಾಪು ಕೋಳಿಗೂಡಾಗಿದ್ದಕ್ಕೂ ಒಂದು ಕಾರಣ ಇದೆ. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಬಂದಾಗ ಬೇರೆ ಕಂಪನಿಯವರು ಚಾಸಿಸ್ ಅನ್ನುವ ಅಡಿಚೌಕಟ್ಟು ಬಿಟ್ಟು, ಇಡೀ ಬಾಡಿಯನ್ನೇ ಒಂದಾಗಿ ಮಾಡುತ್ತಿದ್ದರು. ಟ್ರಯಂಫ್‌ನವರಿಗೆ ಮಾತ್ರ ಪೂರ್ತಿ ಬಾಡಿ ಒತ್ತಿಕೊಡುವವರು ಸಿಗಲಿಲ್ಲ. ಬಾಡಿ ಮಾಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಕಂಪನಿ ಕೊಂಡುಬಿಟ್ಟಿತ್ತು. ಹಾಗಾಗಿ ತುಂಡುತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ, ಚಾಸಿಸ್ ಮೇಲೆ ಬೋಲ್ಟು ಹಾಕಿ ಜೋಡಿಸಿದರು. ರೂಪ ಕೊಟ್ಟಿದ್ದು ಇಟಲಿಯ ಮಿಕೆಲೊಟ್ಟಿ. ನಮ್ಮಲ್ಲಿ 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ಇದನ್ನು ಕಟ್ಟಿತು, 948 ಸಿಸಿ ಎಂಜಿನ್. ಟಾಪು ಕೂಡ ಬೋಲ್ಟಿನಲ್ಲೇ ನಿಂತಿರುತ್ತದೆ. ಸ್ಪ್ಯಾನರ್ ಇದ್ದರೆ ಸಾಕು, ಕತ್ತರಿಸುವ ಕೆಲಸವೇ ಇಲ್ಲ. ಯಾವ ಕಾಲದಲ್ಲೋ ಈ ತೋಟದವರು ಗಾಳಿಗೆ ಆಸೆಪಟ್ಟು ಬಿಚ್ಚಿದ್ದಾರೆ, ಕೋಳಿಗೆ ಮನೆಯಾಗಿದೆ.

ನಾನು ಬಟ್ಟೆ ಕೆಲಸದವನು. ಕಣ್ಣು ಹೋಗಿದ್ದೆಲ್ಲ ಮೇಲಕ್ಕೇ. ಹುಡ್ ಹೇಗೆ ಕೂರಿಸಬಹುದು, ಪೈಪು ಎಲ್ಲಿ ಬಗ್ಗಬೇಕು ಅಂತ ಮನಸ್ಸಿನಲ್ಲೇ ಹೊಲಿಯುತ್ತಾ ಬೆಲೆ ಒಪ್ಪಿಬಿಟ್ಟೆ. ಒಂದು ಹಳೇ ಬುಲೆಟ್ಟಿನ ಬೆಲೆ. ‘ಟಾಪೂ ಕೊಡಬೇಕು’ ಅಂದೆ. ಬದಲಿಗೆ ಕೋಳಿಗಳಿಗೆ ಹೊಸ ಗೂಡಿನ ದುಡ್ಡು ಕೊಟ್ಟೆ. ಇಡೀ ವ್ಯವಹಾರದಲ್ಲಿ ನಾನು ಮಾಡಿದ ಜಾಣತನ ಅದೊಂದೇ.

ಲಾರಿಯಲ್ಲಿ ಬೇಲೂರಿನ ಮೇಲೆ ಹಾಸನಕ್ಕೆ ತಂದೆವು. ಇಳಿಸಿದ ಮೇಲೆ ಬಾಗಿಲು ಹಾಕಲು ಹೋದರೆ ಹಾಕಿಕೊಳ್ಳಲೇ ಇಲ್ಲ. ಪಕ್ಕದ ಟಿಂಕರಿಂಗ್ ಶೆಡ್ಡಿನವನು ಬಂದ. ಹಳೇ ಸ್ಪೀಕರಿನ ಅಯಸ್ಕಾಂತವೊಂದು ಅವನ ಜೇಬಲ್ಲಿ ಯಾವಾಗಲೂ ಇರುತ್ತದೆ. ಬಣ್ಣ ಗೀರಬಾರದು ಅಂತ ಬಟ್ಟೆ ಸುತ್ತಿ ಬಾಗಿಲಿನ ಕೆಳಗೆ ಆಡಿಸಿದ. ಒಂದು ಮೊಳ ಜಾಗದಲ್ಲಿ ಎಲ್ಲೂ ಅಂಟಲಿಲ್ಲ. ಅಲ್ಲಿ ತಗಡೇ ಇಲ್ಲ, ಬರೀ ಪುಟ್ಟಿ ಮತ್ತು ಫೈಬರ್. ಕೆಳಗೆ ಮಲಗಿ ಚಾಸಿಸ್‌ನ ಪಕ್ಕದ ತೋಳುಗಳಿಗೆ ಸ್ಕ್ರೂಡ್ರೈವರ್ ಚುಚ್ಚಿದ, ಹಪ್ಪಳದಂತೆ ಒಳಗೆ ಹೋಯಿತು. ಮಲೆನಾಡಿನ ಮಳೆ ಸುಮ್ಮನೆ ಬಿಡುತ್ತದಾ?

ಟಾಪಿಲ್ಲದ ಕಾರಿನಲ್ಲಿ ಚಾಸಿಸ್ ಸೋತರೆ ಮೇಲಿನಿಂದ ಹಿಡಿಯುವವರು ಯಾರೂ ಇರುವುದಿಲ್ಲ. ನಡು ಕುಗ್ಗುತ್ತದೆ. ಬಾಗಿಲಿನ ಸಂದು ಮೇಲೆ ಕಿರಿದಾಗುತ್ತದೆ, ಕೆಳಗೆ ಅಗಲವಾಗುತ್ತದೆ. ಇದನ್ನು ನೋಡಲು ಅಯಸ್ಕಾಂತವೂ ಬೇಡ. ಬಾಗಿಲು ಎರಡು ಸಲ ತೆಗೆದು ಹಾಕಿದ್ದರೆ ಮೂಡಿಗೆರೆಯಲ್ಲೇ ಗೊತ್ತಾಗುತ್ತಿತ್ತು. ತೋಳುಗಳನ್ನೆಲ್ಲ ಹೊಸದಾಗಿ ಮಾಡಿಸಿದೆ. ಸಂದು ಸರಿಯಾಗುವವರೆಗೆ ಜಾಕ್ ಕೊಟ್ಟು ಎತ್ತಿಟ್ಟುಕೊಂಡೇ ವೆಲ್ಡಿಂಗ್ ಮಾಡಿಸಬೇಕು, ಇಲ್ಲದಿದ್ದರೆ ವಕ್ರವೇ ಕಾಯಂ ಆಗುತ್ತದೆ. ಖರ್ಚು ಕೇಳಬೇಡಿ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಎಂಜಿನ್ ಅಷ್ಟು ಕಾಡಲಿಲ್ಲ. ಇದರ ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ತೆರೆದುಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕೂತು ಕೆಲಸ ಮಾಡಬಹುದು. ಕಾಡಿದ್ದು ಮುಂದಿನ ಚಕ್ರ. ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದೆ, ಎಲ್ಲ ಕಡೆ ಗ್ರೀಸ್ ತುಂಬಿ ಕೊಟ್ಟರು. ತಿಂಗಳಲ್ಲಿ ಸ್ಟಿಯರಿಂಗ್ ಗಟ್ಟಿಯಾಯಿತು. ಚಕ್ರ ತಿರುಗುವ ಕೆಳಗಿನ ಕೀಲು, ಟ್ರನಿಯನ್ ಅಂತಾರೆ, ಅದಕ್ಕೆ ಗ್ರೀಸ್ ಹಾಕಬಾರದು, 90 ನಂಬರ್ ಗೇರ್ ಆಯಿಲ್ಲೇ ಹಾಕಬೇಕು. ಗ್ರೀಸ್ ಕೀಲಿನ ಸ್ಕ್ರೂ ಮರೆಯ ಒಳಗಿನವರೆಗೆ ಇಳಿಯುವುದಿಲ್ಲ. ನೀರು ನಿಂತು ತುಕ್ಕು ಹಿಡಿದು, ಒಂದು ದಿನ ಕೀಲು ಮುರಿದು ಚಕ್ರ ಮಡಚಿಕೊಳ್ಳುತ್ತದೆ. ನನ್ನದು ಮುರಿಯುವ ಮೊದಲೇ ಬಿಚ್ಚಿಸಿದೆ. ಒಳಗೆ ಕಂದು ಬಣ್ಣದ ಪೇಸ್ಟು ಇತ್ತು.

ಇನ್ನು ಹುಡ್. ಇಲ್ಲಿ ಮಾತ್ರ ನನ್ನ ಕೈ ನಡೆಯಿತು. ಮುಕ್ಕಾಲಿಂಚಿನ ಪೈಪು ಬಗ್ಗಿಸಿ ಮಡಚುವ ಚೌಕಟ್ಟು ಮಾಡಿಸಿದೆ. ಅದರ ಮೇಲೆ ಮೊದಲು ರೆಗ್ಜಿನ್ ಹಾಕಲಿಲ್ಲ, ಹಳೇ ಬೆಡ್‌ಶೀಟ್ ಹೊದಿಸಿದೆ. ಪಿನ್ನು ಚುಚ್ಚಿ, ಎಳೆದು, ಚಾಕ್‌ಪೀಸಿನಲ್ಲಿ ಗೆರೆ ಹಾಕಿ, ಬಿಚ್ಚಿ ನೆಲದ ಮೇಲೆ ಹಾಸಿದಾಗ ಅದು ಚರ್ಮ ಸುಲಿದ ಹಾಗೆ ಕಾಣುತ್ತಿತ್ತು. ಎಡಬಲ ಎರಡು ಬೆರಳು ವ್ಯತ್ಯಾಸ. ಹಳೇ ಕಾರು ಯಾವುದೂ ಎರಡು ಕಡೆ ಒಂದೇ ಸಮ ಇರುವುದಿಲ್ಲ, ಅರ್ಧ ಅಳೆದು ಮಡಚಿ ಕತ್ತರಿಸಿದರೆ ಕೆಟ್ಟಿರಿ.

ಹೊಲಿಗೆ ಒತ್ತಾಗಿದ್ದರೆ ಗಟ್ಟಿ ಅಂತ ಎಲ್ಲರೂ ತಿಳಿದಿದ್ದಾರೆ. ರೆಗ್ಜಿನ್‌ಗೆ ಅದು ಅಂಚೆಚೀಟಿಯ ತೂತಿನ ಸಾಲು ಇದ್ದ ಹಾಗೆ, ಎಳೆದರೆ ಅಲ್ಲೇ ಹರಿಯುತ್ತದೆ. ನಾನು ಇಂಚಿಗೆ ಐದಾರು ಹೊಲಿಗೆ ಹಾಕುತ್ತೇನೆ, ಪಾಲಿಯೆಸ್ಟರ್ ದಾರ. ಕಾಟನ್ ದಾರ ಎರಡು ಮಳೆಗಾಲದಲ್ಲಿ ಕೊಳೆಯುತ್ತದೆ. ಜೋಡಣೆಯ ಮಡಿಕೆ ಕೆಳಮುಖವಾಗಿರಬೇಕು, ಹೆಂಚು ಹೊದಿಸಿದ ಹಾಗೆ. ಕೊನೆಗೆ ಹೊಲಿಗೆ ಮೇಲೆ ಮೇಣದಬತ್ತಿ ತಿಕ್ಕಿ ಹೇರ್ ಡ್ರೈಯರ್ ಹಿಡಿದೆ.

ಕೂರಿಸಿದ್ದು ಏಪ್ರಿಲ್ ಮಧ್ಯಾಹ್ನ. ಬಿಸಿಲಿಗೆ ಒಂದು ಗಂಟೆ ಹರಡಿಟ್ಟರೆ ರೆಗ್ಜಿನ್ ಮೆತ್ತಗಾಗಿ ಎಳೆತಕ್ಕೆ ಬರುತ್ತದೆ, ಸಂಜೆ ತಣ್ಣಗಾದಾಗ ತಮಟೆಯ ಹಾಗೆ ಬಿಗಿಯುತ್ತದೆ. ನಿಜಕ್ಕೂ ತಟ್ಟಿ ನೋಡಿದೆ. ಹಿಂದಿನ ಪಾರದರ್ಶಕ ಶೀಟನ್ನು ಮಾತ್ರ ಮಡಚುವಾಗ ನಡುವೆ ಟವೆಲ್ ಇಡಬೇಕು, ಇಲ್ಲದಿದ್ದರೆ ಮಡಿಕೆಯಲ್ಲಿ ಸೀಳುತ್ತದೆ. ಒದ್ದೆ ಇರುವಾಗ ಮಡಚಲೇಬಾರದು, ಬೂಷ್ಟು ಬರುತ್ತದೆ.

ಆರ್‌ಸಿಯಲ್ಲಿ ಸಲೂನ್, ಅಂದರೆ ಗಟ್ಟಿ ಟಾಪಿನ ಕಾರು ಅಂತಿದ್ದುದನ್ನು ಒಪ್ಪಿಗೆ ಪಡೆದು ಬದಲಾಯಿಸಿಕೊಳ್ಳಲು ಆರ್‌ಟಿಓ ಕಚೇರಿಗೆ ಓಡಾಡಿದ್ದೇ ಓಡಾಡಿದ್ದು. ಅದು ಬಿಡಿ. ಆಮೇಲೆ ಎರಡು ವರ್ಷ ಮನಸಾರೆ ಓಡಿಸಿದೆ. ತೋಟದ ಕಿರಿದಾದ ದಾರಿಯಲ್ಲಿ ಇಪ್ಪತ್ತೈದು ಅಡಿ ಜಾಗ ಸಿಕ್ಕರೆ ಒಂದೇ ಏಟಿಗೆ ತಿರುಗುತ್ತದೆ, ಈಗಿನ ಕಾರುಗಳಿಗೆ ಆಗದ ಮಾತು. ಘಾಟಿಯಲ್ಲಿ ಮಾತ್ರ ಹುಷಾರಾಗಿರಬೇಕು. ತಿರುವಿನ ನಡುವೆ ಸಡನ್ನಾಗಿ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಗೆ ಮಡಚಲು ನೋಡುತ್ತದೆ.

ಈಗ ಮಗಳ ಕಾಲೇಜು ಫೀಸಿಗೆ ಮಾರುತ್ತಿದ್ದೇನೆ. ಮೊನ್ನೆ ಚಿಕ್ಕಮಗಳೂರಿನಿಂದ ಹೋಂಸ್ಟೇ ನಡೆಸುವ ಹುಡುಗನೊಬ್ಬ ಬಂದಿದ್ದ. ‘ವಿಎ ಅಂತ ವಿಂಟೇಜ್ ನಂಬರ್ ಮಾಡಿಸಬಹುದಾ?’ ಅಂದ. 2021ರಲ್ಲಿ ಬಂದ ನಿಯಮ ಅದು, ಐವತ್ತು ವರ್ಷ ದಾಟಿದ ಗಾಡಿಗೆ. ಹೊಸ ನೋಂದಣಿಗೆ 20,000 ರೂಪಾಯಿ. ‘ಚಾಸಿಸ್, ಬಾಡಿ ಬದಲಾಗಿರಬಾರದು ಅಂತಿದೆ. ಇದರ ತೋಳು ಹೊಸದು, ಟಾಪು ಬಿಚ್ಚಿದ್ದು. ಟಾಪು ಅಟ್ಟದ ಮೇಲಿದೆ, ಅದನ್ನೂ ಕೊಡ್ತೀನಿ. ಆದರೆ ಆ ನಂಬರ್ ಸಿಗುತ್ತೆ ಅಂತ ನಂಬಿ ತಗೋಬೇಡಿ. ಸಿಕ್ಕರೂ ದಿನಾ ಓಡಿಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿಗಷ್ಟೇ ರಸ್ತೆಗಿಳಿಸಬೇಕು’ ಅಂದೆ.

ಅವನ ಗಮನ ಎಲ್ಲೋ ಇತ್ತು. ಹುಡ್ ಮೇಲೆ ಕೈಯಾಡಿಸುತ್ತಾ ‘ಹೊಲಿಗೆ ಸಖತ್ತಾಗಿದೆ ಸಾರ್’ ಅಂದ. ಬೆಲೆ ಒಪ್ಪುವ ಮುಖವೇ ಅದು, ನನಗೆ ಗೊತ್ತು. ಡ್ಯಾಶ್‌ಬೋರ್ಡಿನಿಂದ ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದು ಅವನ ಕೈಗಿಟ್ಟೆ. ಬಿಳಿ ಅಂಗಿ ಹಾಕಿದ್ದ. ಒಳಗಿನಿಂದ ಗೋಣಿಚೀಲ ತಂದು ಕಾರಿನ ಕೆಳಗೆ ಹಾಸಿದೆ.