ಅಜ್ಜನ ಮಳೆ ಪುಸ್ತಕ ಮತ್ತು 2064ನೇ ಇಸವಿ

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಅಜ್ಜ ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು, ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ನೋಟ್‌ಪುಸ್ತಕದಲ್ಲಿ ಬರೆಯುತ್ತಿದ್ದರು. ಅವರ ನಂತರ ಅಪ್ಪಯ್ಯ. ಕಳೆದ ಮಳೆಗಾಲದಲ್ಲಿ ಕರೆಂಟ್ ಇದ್ದಾಗಲೆಲ್ಲ ಕೂತು ಅಷ್ಟನ್ನೂ ಕಂಪ್ಯೂಟರಿಗೆ ಏರಿಸಿದೆ.

ಅಜ್ಜ ಬರೆದದ್ದು 3/7/64 ಅಂತ. ನಾನೂ ಹಾಗೇ ಟೈಪ್ ಮಾಡಿದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಬರೆದ ತಾರೀಖನ್ನು ಓದಿಕೊಳ್ಳುವ ಸ್ಟ್ರಪ್‌ಟೈಮ್‌ಗೆ ದಿನ, ತಿಂಗಳು, ಎರಡಂಕಿಯ ವರ್ಷ ಅಂತ ಹೇಳಿ ಓಡಿಸಿದೆ. ಒಂದೂ ಎರರ್ ಇಲ್ಲ. ಗ್ರಾಫ್ ನೋಡಿದರೆ ಅಜ್ಜನ ಮೊದಲ ಐದು ವರ್ಷದ ಮಳೆಯೆಲ್ಲ ಬಲತುದಿಗೆ ಹೋಗಿ ಕೂತಿದೆ, 2064ರಿಂದ 2068ರವರೆಗೆ! ಅಪ್ಪಯ್ಯ ಇಣುಕಿ ನೋಡಿ, "ಮುಂದಿನ ಮಳೆನೂ ಬರೆದಿಟ್ಟು ಹೋಗಿದಾರೇನೋ?" ಅಂದರು.

ಎರಡಂಕಿ ಕೊಟ್ಟರೆ ಪೈಥಾನ್ 69ರಿಂದ 99ರವರೆಗೆ 1900ಕ್ಕೆ ಸೇರಿಸುತ್ತದೆ, 00ರಿಂದ 68ರವರೆಗೆ 2000ಕ್ಕೆ. ತಾರೀಖು ಇವತ್ತಿಗಿಂತ ಮುಂದಿದ್ದರೆ ನೂರು ವರ್ಷ ಕಳೆ ಅಂತ ಒಂದು ಸಾಲು ಸೇರಿಸಿದೆ. ಪುಣ್ಯಕ್ಕೆ 1964, 2064 ಎರಡೂ ಅಧಿಕ ವರ್ಷ, ಹಾಗಾಗಿ ಫೆಬ್ರವರಿ 29 ಕೈಕೊಡಲಿಲ್ಲ.

ಜಾಸ್ತಿ ತಲೆ ತಿಂದದ್ದು ಹೊಸ ಮಾಪಕ. ಅದು ತಾನೇ ಹೊತ್ತು ಬರೆದುಕೊಳ್ಳುತ್ತದೆ, ಆದರೆ ಯುಟಿಸಿ ಎಂಬ ಜಾಗತಿಕ ಹೊತ್ತಿನ ಲೆಕ್ಕದಲ್ಲಿ. ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ಯಾವ ವಲಯ ಅಂತ ಗುರುತೂ ಹಾಕುವುದಿಲ್ಲ. ನಾನು ಸೀದಾ ಏಷ್ಯಾ/ಕೋಲ್ಕತಾಕ್ಕೆ, ಅಂದರೆ ಭಾರತದ ಹೊತ್ತಿಗೆ ಬದಲಾಯಿಸಿದೆ. ಗುರುತಿಲ್ಲದ ಹೊತ್ತನ್ನು ಪೈಥಾನ್ ಲ್ಯಾಪ್‌ಟಾಪಿನ ಹೊತ್ತು ಅಂತಲೇ ತಿಳಿಯುತ್ತದೆ. ಲ್ಯಾಪ್‌ಟಾಪ್ ಮೊದಲೇ ನಮ್ಮ ಹೊತ್ತಿನಲ್ಲಿತ್ತು, ಹಾಗಾಗಿ ಒಂದು ನಿಮಿಷವೂ ಕದಲಲಿಲ್ಲ. ಮೊದಲು ಯುಟಿಸಿ ಅಂತ ಚೀಟಿ ಅಂಟಿಸಬೇಕು, ಆಮೇಲೆ ಬದಲಾಯಿಸಬೇಕು. ಇದಕ್ಕೆ 3.9ನೇ ಆವೃತ್ತಿಯಿಂದ ಪೈಥಾನ್ ಜೊತೆಗೇ ಬರುವ, ಸಮಯ ವಲಯಗಳ ಲೈಬ್ರರಿ ಜೋನ್‌ಇನ್ಫೋ ಸಾಕು. ವಿಂಡೋಸ್‌ನಲ್ಲಾದರೆ ವಲಯಗಳ ಮಾಹಿತಿ ಇರುವ ಟಿಜೆಡ್‌ಡೇಟಾ ಬೇರೆ ಹಾಕಿಕೊಳ್ಳಬೇಕು.

ಇಷ್ಟಾದರೂ ಪುಸ್ತಕಕ್ಕೂ ಮಾಪಕಕ್ಕೂ ತಾಳೆಯಾಗಲಿಲ್ಲ. ಆಮೇಲೆ ಹೊಳೆಯಿತು, ಅಜ್ಜನ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ ಅಲ್ವಾ! 3ನೇ ತಾರೀಖಿನ ಲೆಕ್ಕ ಎಂದರೆ 2ರ ಎಂಟೂವರೆಯಿಂದ 3ರ ಎಂಟೂವರೆವರೆಗೆ ಬಿದ್ದದ್ದು. ಹವಾಮಾನ ಇಲಾಖೆಯೂ ಹೀಗೇ ಅಳೆಯುತ್ತದೆ. ಪ್ರತಿ ಹೊತ್ತಿಗೂ ಹದಿನೈದೂವರೆ ಗಂಟೆ ಕೂಡಿಸಿ, ತಾರೀಖು ಮಾತ್ರ ತೆಗೆದುಕೊಂಡೆ. 2ರ ಬೆಳಿಗ್ಗೆ ಒಂಬತ್ತರ ಮಳೆ 3ಕ್ಕೆ ಹೋಯಿತು, 3ರ ಎಂಟು ಗಂಟೆಯದು 3ರಲ್ಲೇ ಉಳಿಯಿತು.

ಖುಷಿಯಿಂದ ತೋರಿಸಿದೆ. ಅಪ್ಪಯ್ಯ ಕನ್ನಡಕ ಏರಿಸಿ, "ಜುಲೈ ಗಿಲೈ ಇರಲಿ ಮಾರಾಯ, ಆರಿದ್ರಾ ಮಳೆ ಎಷ್ಟು ಅಂತ ಹೇಳು" ಅಂದರು. ಒಂದೊಂದು ಮಳೆ ನಕ್ಷತ್ರ ಹದಿಮೂರು, ಹದಿನಾಲ್ಕು ದಿನ. ಅದಕ್ಕೆ ಯಾವ ಲೈಬ್ರರಿಯನ್ನೂ ಹುಡುಕಲಿಲ್ಲ. ಸುಮ್ನೆ ಹಳೆ ಪಂಚಾಂಗದ ಕಟ್ಟು ಬಿಚ್ಚಿಕೊಂಡು, ಕೈಯಲ್ಲೇ ಟೈಪ್ ಮಾಡುತ್ತಿದ್ದೇನೆ.