ಮಾಲು ವಾಪಸ್ ಬಂದ ದಿನ ತಂಡವನ್ನು ನಡೆಸುವುದು ಹೇಗೆ?

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿಗಳಲ್ಲಿ ಹೊಸ ಬಿಡಿಭಾಗವೊಂದನ್ನು ಎರಕ ಹೊಯ್ದು ಗ್ರಾಹಕರ ಒಪ್ಪಿಗೆ ಪಡೆಯುವುದು ಒಬ್ಬರ ಕೆಲಸವಲ್ಲ. ಪ್ಯಾಟರ್ನ್ (ಅಚ್ಚು ಮೂಡಿಸುವ ಮಾದರಿ) ಮಾಡುವವರು, ಕೋರ್ (ಎರಕದೊಳಗೆ ಟೊಳ್ಳು ಬಿಡಿಸುವ ಮರಳಿನ ಅಚ್ಚು) ತಯಾರಿಸುವವರು, ಕುಲುಮೆಯವರು, ಮಷಿನ್ ಶಾಪಿನವರು ತಿಂಗಳುಗಟ್ಟಲೆ ಒಂದೇ ತಂಡವಾಗಿ ದುಡಿದಿರುತ್ತಾರೆ. ಮಾದರಿ ಮಾಲು ತಿರಸ್ಕೃತವಾಗಿ ಗೇಟಿನೊಳಗೆ ಬಂದ ದಿನ ಅದೇ ತಂಡ ಒಡೆದು ಚೂರಾಗುವುದನ್ನು ನಾನು ಹಲವು ಕಾರ್ಖಾನೆಗಳಲ್ಲಿ ಕಂಡಿದ್ದೇನೆ. ಮುಖ್ಯಸ್ಥರು ಆ ದಿನ ಕೇಳುವ ಮೊದಲ ಪ್ರಶ್ನೆಯೇ ಇದಕ್ಕೆ ಕಾರಣ: ‘ಯಾರು ಮಾಡಿದ್ದು?’ ಆದ್ದರಿಂದ ಈ ಲೇಖನ ಬಹುಪಾಲು ಆ ಪ್ರಶ್ನೆಯ ಬಗೆಗೇ ಇದೆ.

ಹಂತ 1: ಮಾಲು ತಡೆಯಿರಿ, ಫೋನ್ ಮಾಡಿ

ಗೋದಾಮಿನಲ್ಲಿರುವ, ದಾರಿಯಲ್ಲಿರುವ ಅದೇ ಬಗೆಯ ಮಾಲನ್ನೆಲ್ಲ ನಿಲ್ಲಿಸಿ, ಕೆಂಪು ಬಣ್ಣ ಬಳಿದು ಬೇರೆ ಇಡಿ. ಗ್ರಾಹಕರಿಗೆ ಅಂದೇ ತಿಳಿಸಿ. ಎರಕದಲ್ಲಿ ಉಳಿದ ತೂತುಗಳಿಗೆ ಎಪಾಕ್ಸಿ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದು ಮತ್ತೆ ಕಳಿಸುವ ಸಲಹೆ ಯಾರಾದರೊಬ್ಬರಿಂದ ಬಂದೇ ಬರುತ್ತದೆ. ಒಪ್ಪಬೇಡಿ. ಮಷಿನ್ ಹಚ್ಚಿದಾಗ ಆ ಪುಟ್ಟಿ ಕಿತ್ತು ಬರಬಹುದು. ಅದಕ್ಕಿಂತ ಮುಖ್ಯವಾಗಿ, ಅದನ್ನು ತುಂಬಿದ ಹುಡುಗನಿಗೆ ನೀವು ಆ ದಿನ ಸುಳ್ಳನ್ನು ಕಲಿಸಿರುತ್ತೀರಿ.

ಹಂತ 2: ತುಂಡು ಕೊಯ್ದು ನೋಡಿ

ಕಚೇರಿಯಲ್ಲಿ ಸಭೆ ಕರೆಯಬೇಡಿ. ತಿರಸ್ಕೃತ ತುಂಡನ್ನು ಕೊಯ್ಯಿಸಿ, ಮೇಜಿನ ಮೇಲಿಟ್ಟು, ಅದರ ಸುತ್ತಲೂ ಎಲ್ಲರನ್ನೂ ನಿಲ್ಲಿಸಿ.

ಹಂತ 3: ‘ಯಾರು’ ಎಂದು ಕೇಳದಿರುವುದು

ಎಲ್ಲರೂ ಎಡವುವುದು ಇಲ್ಲಿ. ವಾಹನ ಕಂಪನಿಗಳು ಇಂಥ ಸಂದರ್ಭದಲ್ಲಿ 8ಡಿ ವರದಿ ಕೇಳುತ್ತವೆ. ಫೋರ್ಡ್ ಕಂಪನಿ 1987ರಲ್ಲಿ ರೂಪಿಸಿದ, ದೋಷದ ಕಾರಣ ಹುಡುಕಿ ಸರಿಪಡಿಸುವ ಎಂಟು ಮೆಟ್ಟಿಲುಗಳ ಪದ್ಧತಿ ಅದು. ಮೂಲ ಕಾರಣ ಬರೆಯಬೇಕಾದ ನಾಲ್ಕನೆಯ ಮೆಟ್ಟಿಲಿನಲ್ಲಿ ನಾನು ಅತಿ ಹೆಚ್ಚು ಓದಿರುವ ವಾಕ್ಯ: ‘ಕಾರ್ಮಿಕನ ಅಜಾಗರೂಕತೆ, ತರಬೇತಿ ನೀಡಲಾಗಿದೆ.’ ಈ ವಾಕ್ಯ ಬರೆದವರು ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಿದ್ದಾರೆ. ಮುಂದಿನ ಮಳೆಗಾಲದಲ್ಲಿ ಅದೇ ದೋಷ ಮರಳಿ ಬರುತ್ತದೆ.

ಉದಾಹರಣೆಗೆ ಬ್ಲೋ ಹೋಲ್, ಅಂದರೆ ಎರಕದೊಳಗೆ ಗಾಳಿ ಸಿಕ್ಕಿ ಉಳಿದ ತೂತು, ತೆಗೆದುಕೊಳ್ಳಿ. ಜುಲೈ–ಆಗಸ್ಟ್‌ನಲ್ಲಿ ಬೆಳಗಾವಿಯ ಗಾಳಿಯೇ ಒದ್ದೆಯಾಗಿರುತ್ತದೆ. ತೆರೆದಿಟ್ಟ ಕೋರ್ ಆ ತೇವವನ್ನು ಹೀರಿಕೊಳ್ಳುತ್ತದೆ. ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಕಾವಿನ ಕಬ್ಬಿಣ ತಾಗಿದ ಕೂಡಲೇ ಅದು ಆವಿಯಾಗುತ್ತದೆ, ಹೊರಹೋಗಲು ದಾರಿಯಿಲ್ಲದಿದ್ದರೆ ಲೋಹದೊಳಗೇ ಗುಳ್ಳೆಯಾಗಿ ಉಳಿಯುತ್ತದೆ. ಈಗ ಟೊಯೋಟಾದವರಂತೆ ‘ಏಕೆ’ ಎಂದು ಮತ್ತೆ ಮತ್ತೆ ಕೇಳುತ್ತ ಹೋಗಿ. ಕೋರ್ ಏಕೆ ಒದ್ದೆಯಾಯಿತು? ಎರಡು ದಿನ ರ‍್ಯಾಕ್‌ನಲ್ಲೇ ಇತ್ತು. ಏಕಿತ್ತು? ಎರಕ ಮುಂದೆ ಹೋಯಿತು. ಏಕೆ ಹೋಯಿತು? ಬೇರೊಂದು ತುರ್ತು ಆರ್ಡರನ್ನು ನಡುವೆ ತೂರಿಸಲಾಯಿತು. ಆ ನಿರ್ಧಾರ ಎಲ್ಲಿಂದ ಬಂತು? ಹೆಚ್ಚಿನ ಸಲ ಸಭೆ ನಡೆಸುತ್ತಿರುವವರಿಂದಲೇ. ಕೋರ್ ಶಾಪಿನ ಹುಡುಗನ ಹೆಸರು ಬರೆದು ಮುಗಿಸಿದ್ದರೆ ಇಲ್ಲಿಯವರೆಗೆ ತಲುಪುತ್ತಲೇ ಇರಲಿಲ್ಲ. ಸರಪಳಿ ನಿಮ್ಮ ನಿರ್ಧಾರದವರೆಗೆ ಬಂದರೆ, ‘ಆ ಬದಲಾವಣೆ ಮಾಡಿದ್ದು ನಾನು’ ಎಂದು ಎಲ್ಲರೆದುರು ಹೇಳಿ, ವರದಿಯಲ್ಲೂ ಬರೆಯಿರಿ. ಉಳಿದವರು ನಿಜ ಬಾಯಿಬಿಡುವುದು ಆಮೇಲೆಯೇ.

ಕೇಳುವ ಬಗೆಯೂ ಮುಖ್ಯ. ‘ತೇವ ಏಕೆ ನೋಡಲಿಲ್ಲ?’ ಎಂದರೆ ಎದುರಿಗಿದ್ದವರು ಸಮರ್ಥನೆಗೆ ಇಳಿಯುತ್ತಾರೆ. ‘ಕಾಕಾ, ಆ ಪಾಳಿಯಲ್ಲಿ ಏನೇನು ನಡೆಯಿತು, ಮೊದಲಿನಿಂದ ಹೇಳಿ’ ಎಂದರೆ ಹಿರಿಯ ಮಿಸ್ತ್ರಿ ಎಲ್ಲವನ್ನೂ ಹೇಳುತ್ತಾರೆ. ನಡುವೆ ಬಾಯಿ ಹಾಕಬೇಡಿ. ನಮ್ಮ ಕಡೆ ಕೆಲವರಿಗೆ ಮರಾಠಿ ಸಲೀಸು, ಕೆಲವರಿಗೆ ಕನ್ನಡ, ಬಿಹಾರದಿಂದ ಬಂದವರಿಗೆ ಹಿಂದಿ. ಅವರವರ ಭಾಷೆಯಲ್ಲೇ ಹೇಳಲು ಬಿಡಿ. ಇಂಗ್ಲಿಷಿನಲ್ಲಿ ಸಭೆ ನಡೆಸಿದರೆ ಮಾತಾಡುವವರು ಎಂಜಿನಿಯರುಗಳು ಮಾತ್ರ. ಮರಳು ಮುಟ್ಟಿ ನೋಡಿದವರು ಸುಮ್ಮನೆ ನಿಂತಿರುತ್ತಾರೆ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆಟ್ಟ ತುಂಡಿನ ಫೋಟೊ ಹಾಕಿ ಹೆಸರು ಹಿಡಿದು ಬೈಯುವ ಅಭ್ಯಾಸವನ್ನು ಇಂದೇ ಬಿಡಿ. ಬಣ್ಣಬಣ್ಣದ ಪಟ್ಟಿ ತೋರಿಸುವ ಯೋಜನಾ ಆ್ಯಪ್‌ಗಳನ್ನೂ ನಾನು ಶಿಫಾರಸು ಮಾಡುವುದಿಲ್ಲ. ವಾರದೊಳಗೆ ಅವುಗಳಲ್ಲಿ ಎಲ್ಲವೂ ಹಸಿರಾಗಿರುತ್ತದೆ, ಕೆಲಸ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಕೋರ್ ಶಾಪಿನ ಗೋಡೆಗೆ ಒಂದು ಕಪ್ಪು ಹಲಗೆ, ಸೀಮೆಸುಣ್ಣ ಸಾಕು.

ಹಂತ 4: ಕೆಲಸ ಮರುಹಂಚಿಕೆ

ಸೋತ ತಂಡಕ್ಕೆ ಮೊದಲ ದಿನವೇ ಹೆಚ್ಚುವರಿ ಪಾಳಿ ಹೇರಬೇಡಿ. ಬೇರೆ ಆರ್ಡರೊಂದನ್ನು ಹಿಂದಕ್ಕೆ ಹಾಕಿ ಸಮಯ ಹುಟ್ಟಿಸಿ. ಅದರ ಗ್ರಾಹಕರೊಂದಿಗೆ ಮಾತಾಡುವುದು ನಿಮ್ಮ ಹೊಣೆ. ಮರು ಎರಕವನ್ನು ಸಣ್ಣ ಪ್ರಮಾಣದಲ್ಲಿ ತೆಗೆಯಿರಿ. ಐದು ತುಂಡು ಹೊಯ್ದು, ಐದನ್ನೂ ಪರೀಕ್ಷಿಸಿ ನೋಡಿ, ಆಮೇಲೆ ಮುಂದಿನದು. ಪ್ರತಿಯೊಬ್ಬರಿಗೂ ಕೈಗೆಟಕುವ ಒಂದೊಂದು ಕೆಲಸ ಕೊಡಿ. 1989ರಲ್ಲಿ ಜಮಖಂಡಿ ಸೀಮೆಯ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರಲ್ಲ, ಅಲ್ಲಿ ಹಣವೂ ರೈತರದೇ, ದುಡಿಮೆಯೂ ರೈತರದೇ. ಸರಕಾರದ ದಾರಿ ಕಾದು ಬೇಸತ್ತಿದ್ದ ಜನರಿಗೆ ಮಾಡಲು ಕೆಲಸ ಸಿಕ್ಕಿತು. ಭಾಷಣಕಾರರನ್ನು ಕರೆಸಿ ಸ್ಫೂರ್ತಿ ತುಂಬಿಸುವ ಹಣವನ್ನು ಕೋರ್ ಒಣಗಿಸುವ ಒಲೆಗೆ ಹಾಕಿ.

ಹಂತ 5: ಮುಗಿಸುವುದು

8ಡಿಯ ಕೊನೆಯ ಮೆಟ್ಟಿಲು ತಂಡವನ್ನು ಅಭಿನಂದಿಸುವುದು. ಹೆಚ್ಚಿನವರು ಅಲ್ಲಿ ಒಂದು ಸಹಿ ಹಾಕಿ ಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ದೋಷವನ್ನು ಮೊದಲು ಗುರುತಿಸಿದವರ ಹೆಸರನ್ನು ಗ್ರಾಹಕರಿಗೆ ಕಳಿಸುವ ವರದಿಯಲ್ಲಿ ಬರೆಯಿರಿ, ಓವರ್‌ಟೈಮ್ ಆಗಿದ್ದರೆ ಆ ತಿಂಗಳ ಪಗಾರದಲ್ಲೇ ಕೊಡಿ. ಕೊಯ್ದ ತುಂಡಿಗೆ ತಾರೀಖು, ಕಾರಣ ಬರೆದ ಚೀಟಿ ಕಟ್ಟಿ ಕೋರ್ ಶಾಪಿನಲ್ಲೇ ಇಡಿ. ಮೇ ತಿಂಗಳ ಕೊನೆಯ ವಾರ, ಮಳೆ ಹಿಡಿಯುವ ಮುಂಚೆ, ಅದನ್ನು ಹೊಸ ಹುಡುಗರ ಕೈಗೆ ಕೊಟ್ಟು ನಡೆದದ್ದನ್ನು ಮಿಸ್ತ್ರಿಯಿಂದಲೇ ಹೇಳಿಸಿ.